ಎಂಟು ಹಲ್ಲು, ಇಪ್ಪತ್ತನಾಲ್ಕು ಹಲ್ಲು

ತೂಕಕ್ಕೆ ಕೊಂಡದ್ದು.
ಮೈಸೂರಿನ ಹಳೇ ಸಾಮಾನಿನವನ ಹತ್ತಿರ
ಒಂದೂಕಾಲು ಕೆಜಿ ಪ್ಲಾಸ್ಟಿಕ್ ಇಟ್ಟಿಗೆ,
ಬಿಸ್ಕತ್ತಿನ ಡಬ್ಬದಲ್ಲಿ. ಜೊತೆಗೆ
ಯಾರದೋ ಅಂಗಿಯ ಗುಂಡಿ,
ಹಾಲುಹಲ್ಲಿನಷ್ಟು ಸಣ್ಣದೊಂದು ತಿರುಪು.
ಹೀಗೆ ಕಟ್ಟು ಅಂತ ಹೇಳುವ
ಚಿತ್ರದ ಹಾಳೆ ಮಾತ್ರ ಇರಲಿಲ್ಲ.

ಅಣ್ಣನ ಮಗಳು ಲೇಖನ, ನಾಲ್ಕನೇ ಕ್ಲಾಸು.
ಶಾಲೆ ಬಿಟ್ಟವಳೇ ಮಂಡ್ಯದ ನೂರಡಿ ರಸ್ತೆಗೆ, ನನ್ನ ಗಾಡಿಗೆ ಬಂದು
ಒರಗಿಸಿಟ್ಟ ಜಲ್ಲೆಗಳ ನೆರಳಲ್ಲಿ ಗೋಣಿ ಹಾಸಿ ಕೂರುತ್ತಾಳೆ.
ಮೊದಲ ವಾರ ಗೋಡೆ ಕಟ್ಟಿದಳು. ಗೋಡೆ, ಇನ್ನೊಂದು ಗೋಡೆ.
ಆಮೇಲೆ ಡಬ್ಬದ ತಳದಲ್ಲಿ ಹಲ್ಲಿನ ಚಕ್ರಗಳು ಸಿಕ್ಕವು,
ಗೋಡೆಯ ಆಸೆ ಬಿಟ್ಟುಹೋಯಿತು.

"ಅತ್ತೆ, ನಿನ್ನ ಮಿಷನ್ನು ಮಾಡ್ತೀನಿ."
"ಮಾಡವ್ವ" ಅಂದೆ. ನನಗೇನು ಗೊತ್ತು.
ಹನ್ನೊಂದು ವರ್ಷದಿಂದ ಅದರ ಬಾಯಿಗೆ ಕಬ್ಬು ಕೊಟ್ಟಿದ್ದೇನೆ,
ಹೊಟ್ಟೆ ಬಿಚ್ಚಿ ನೋಡಿದವಳಲ್ಲ.

ಎರಡು ಉರುಳೆ, ಒಂದರ ಮೇಲೊಂದು.
ಪಕ್ಕದಲ್ಲಿ ಚಕ್ರಕ್ಕೆ ಚಕ್ರ ಎಟುಕಲಿಲ್ಲವೆಂದು
ನಡುವೆ ಒಂದು ಪುಟ್ಟದನ್ನು ಸಿಕ್ಕಿಸಿದಳು.
ಎಲ್ಲ ತಿರುಗಿದವು, ಚಂದಕ್ಕೆ ತಿರುಗಿದವು.
ಗರಿಕೆಯ ಕಡ್ಡಿ ಇಟ್ಟರೆ
ಒಳಗೂ ಹೋಗದೆ ಹೊರಗೂ ಬರದೆ
ತುಟಿಯ ಮೇಲೇ ನಡುಗುತ್ತಾ ನಿಂತಿತು.

ಮೋಟಾರು ಆರಿಸಿ,
ಪಕ್ಕದ ತಗಡು ಕಳಚಿದೆ, ಮೊದಲ ಸಲ.
ಹನ್ನೊಂದು ವರ್ಷದ ಎಣ್ಣೆ, ಸಿಪ್ಪೆ, ಸತ್ತ ಜೇನುನೊಣ.
ಅವಳು ಬಗ್ಗಿ, ಉಸಿರು ಹಿಡಿದು ನೋಡಿದಳು.
"ನಡುವಿನೋನೇ ಇಲ್ಲ ಕಣತ್ತೆ!
ಇಬ್ರೇ ಕೈ ಹಿಡ್ಕಂಡವ್ರೆ. ಅದಕ್ಕೇ
ಒಬ್ಬ ಇತ್ತಾಗೆ ತಿರುಗಿದ್ರೆ ಇನ್ನೊಬ್ಬ ಅತ್ತಾಗೆ,
ಕಬ್ಬು ಮಾತ್ರ ಒಳಕ್ಕೆ."
ನನಗೆ ನಾನೂ ನನ್ನ ಗಂಡನೂ ನೆನಪಾದೆವು.
ಹೇಳಲಿಲ್ಲ.

ಆಮೇಲೂ ಕಟಕಟ, ಹಲ್ಲು ಜಾರುವ ಸದ್ದು.
ಬಿಗಿ ಮಾಡಿದಳು, ಸಡಿಲ ಮಾಡಿದಳು, ಅತ್ತಳು,
ಅತ್ತದ್ದನ್ನು ಕಬ್ಬಿನ ಸಿಪ್ಪೆಯಲ್ಲಿ ಒರೆಸಿಕೊಳ್ಳಲು ಹೋಗಿ
ಕೆನ್ನೆ ಗೀರಿಕೊಂಡಳು.
ದಿನಾ ನಾಲ್ಕೂವರೆಗೆ ಬರುವ ಮೋಟಾರು ಸುತ್ತುವ ಜಬ್ಬಾರ್ ಸಾಬರು
ಗ್ಲಾಸು ಖಾಲಿ ಮಾಡಿ, ಮೀಸೆ ಒರೆಸಿ,
"ಅಚ್ಚಿಗೆ ಒಂದೇ ಕಾಲು ಕೊಟ್ಟಿದ್ದೀಯ ಮಗಾ,
ಆ ಕಡೆಗೂ ಒಂದು ಕೊಡು" ಅಂದರು.
ಅಷ್ಟೇ. ದುಡ್ಡು ಕೊಟ್ಟು ಹೋದರು.

ಹಿಡಿಕೆಯ ಪಾಠ ಮಾತ್ರ ಯಾರೂ ಹೇಳಲಿಲ್ಲ.
ದೊಡ್ಡ ಚಕ್ರಕ್ಕೆ ಹಿಡಿಕೆ ಹಾಕಿದರೆ
ಉರುಳೆ ಗಿರ್ರನೆ ಓಡಿ, ಗರಿಕೆ ಕಂಡೊಡನೆ ನಿಂತುಬಿಡುತ್ತಿತ್ತು.
ಒಂದು ಸಂಜೆ ಎಂಟು ಹಲ್ಲಿನದಕ್ಕೆ ಹಿಡಿಕೆ ಬದಲಿಸಿದಳು.
ಮೂರು ಸುತ್ತು ಸುತ್ತಿದರೆ
ಇಪ್ಪತ್ತನಾಲ್ಕು ಹಲ್ಲಿನದು ಒಂದು ಸುತ್ತು,
ಬಸುರಿ ಎಮ್ಮೆಯ ಹಾಗೆ.
ಗರಿಕೆ ಒಳಗೆ ಹೋಯಿತು. ಚಪ್ಪಟೆಯಾಗಿ ಆಚೆ ಬಂತು.
ಉರುಳೆಯ ಮೇಲೆ ಹಸಿರು ತೇವ,
ಹನಿ ಅನ್ನಲಾಗದಷ್ಟು.
ಬೆರಳಲ್ಲಿ ತೆಗೆದು ನನಗೇ ಮೊದಲು ನೆಕ್ಕಿಸಿದಳು.
ಕಹಿ.
"ಬೇಗ ಬೇಕಾ, ಬಲ ಬೇಕಾ, ಕೇಳ್ತದೆ ಇದು,
ಎರಡೂ ಕೊಡಲ್ಲ" ಅಂದಳು, ಅಂಗಡಿಯವಳ ಹಾಗೆ.

ಮುಗಿಯಿತು ಅಂದುಕೊಂಡಿದ್ದೆ.
ನಿನ್ನೆ ನೋಡಿದರೆ ಉರುಳೆಗಳ ಮುಂದೆ ಕೆಂಪು ಗೋಡೆ,
ನಾಲ್ಕು ಇಟ್ಟಿಗೆ ಎತ್ತರ. ಬುಡದಲ್ಲಿ
ಗರಿಕೆ ತೂರುವಷ್ಟೇ ಕಂಡಿ.
"ಇದ್ಯಾಕೆ? ನನ್ನ ಮಿಷನ್ನಲ್ಲಿ ಇದಿಲ್ವಲ್ಲ."
ಅವಳು ತಲೆ ಎತ್ತಲಿಲ್ಲ.
"ಅದಕ್ಕೇ" ಅಂದಳು.

ನನ್ನ ಬಲಗೈ ತೋರುಬೆರಳು,
ಕಬ್ಬಿನ ಲೆಕ್ಕದಲ್ಲಿ ಹೇಳುವುದಾದರೆ,
ಒಂದು ಗೆಣ್ಣು ಕಡಿಮೆ.
ಗಾಡಿ ಹಾಕಿದ ಎರಡನೇ ವರ್ಷದ್ದು. ಅವಳಿನ್ನೂ ಹುಟ್ಟಿರಲಿಲ್ಲ.
ಯಾವತ್ತೂ ಕೇಳಿರಲಿಲ್ಲ ಅವಳು,
ನಾನೂ ಹೇಳಿರಲಿಲ್ಲ.

ಸ್ಕೂಟರು ಬಂದು ನಿಂತಿತು.
ಎರಡು ಗ್ಲಾಸು, ಒಂದಕ್ಕೆ ಐಸ್ ಬೇಡ, ಶುಂಠಿ ಜಾಸ್ತಿ.
ಜಲ್ಲೆ ಎತ್ತಿ ಬಾಯಿಗೆ ಕೊಟ್ಟೆ.
ಒಂದು ಗೇಣು ಮೊದಲೇ
ಕೈ ಬಿಟ್ಟೆ.