ಎರಡು ಅರ್ಜಿ, ಒಂದು ಚೀಲ

ಸಂಜೆ ನಾಲ್ಕೂವರೆಗೆ ನನ್ನ ಕೆಲಸ ಶುರು.
ಎಣ್ಣೆಗಾಣದ ಬೀದಿ, ಆ ತುದಿಯಿಂದ ಈ ತುದಿಗೆ
ಐವತ್ತೊಂದು ಬಾಗಿಲು.
ಇಪ್ಪತ್ತು, ಐವತ್ತು, ಹಬ್ಬದ ಹಿಂದಿನ ದಿನ ‘ನಾಳೆ ಬನ್ನಿ’.
ಹತ್ತೊಂಬತ್ತು ವರ್ಷದ ಪಿಗ್ಮಿಯಲ್ಲಿ
ಎಲ್ಲರ ಲೆಕ್ಕವೂ ಇದೆ, ಸವೆದ ಚಪ್ಪಲಿಯದೊಂದು ಬಿಟ್ಟು.

ಯುಗಾದಿ ಕಳೆದ ವಾರ ಪಾಲಿಕೆಯವರು ಬಂದು
ಎಡಗಡೆ ಉದ್ದಕ್ಕೂ ಹಸಿರು ಬಳಿದರು,
ಸೈಕಲ್ಲಿಗೆ.
ಅಂಚಿಗೆ ಮೊಣಕಾಲೆತ್ತರದ ಕಂಬ, ಒಳಗೆ ಕಾಲುಹಾದಿ,
ಉಳಿದ ಗಾಡಿಗಳಿಗೆ ಒಮ್ಮುಖ.
ಬಣ್ಣ ಆರುವ ಮೊದಲೇ
ಕಂಬಗಳ ಸಂದಿನಲ್ಲಿ ತೂರಿಬಂದು
ಬುಲೆಟ್ಟೊಂದು ನಿಂತುಬಿಟ್ಟಿತ್ತು.

ಹನ್ನೊಂದನೇ ಬಾಗಿಲು, ದ್ಯಾವಪ್ಪನವರ ಹಾರ್ಡ್‌ವೇರ್:
‘ಸಿಮೆಂಟಿನ ಲಾರಿ ಎಲ್ಲಿ ನಿಲ್ಲಿಸ್ಲಿ, ನನ್ನ ತಲೆ ಮೇಲಾ?
ಗಂಟೆಗೆ ಒಂದು ಸೈಕಲ್ ಬರಲ್ಲ ಮಾರಾಯ್ತಿ,
ನಾನೇ ಕೂತು ಎಣಿಸಿದೀನಿ.’
ಅವರು ಅಂಗಡಿ ತೆಗೆಯೋದು ಹತ್ತಕ್ಕೆ.

ಎದುರು ಮನೆ ಫಿಲೋಮಿನಾ ಟೀಚರ್
ಸೊಂಟಕ್ಕೆ ರಾಡು ಹಾಕಿಸಿಕೊಂಡ ಮೇಲೆ
ಮೊದಲ ಸಲ ಮೆಡಿಕಲ್ ಶಾಪಿನ ತನಕ ಒಬ್ಬರೇ ನಡೆದರಂತೆ.
ಮೂವತ್ತು ರೂಪಾಯಿಯ ಜೊತೆ ಆ ಸುದ್ದಿಯನ್ನೂ ಕೈಗಿಟ್ಟರು,
ಅದಕ್ಕೂ ರಸೀತಿ ಕೊಡಬೇಕೇನೋ ಎಂಬಂತೆ.

ಆಟೋ ಹಾಲೇಶನ ಸ್ಟ್ಯಾಂಡು ಹಿಂದಿನ ಓಣಿಗೆ ಹೋಯಿತು.
‘ಒಮ್ಮುಖ ಅಂತ ನಮ್ಮ ಮುಖಕ್ಕೇ ಹೊಡೆದ್ರು.
ದುರ್ಗಿಗುಡಿಗೆ ಸುತ್ತು ಹಾಕಿದರೆ
ಬಾಡಿಗೆಗೆ ಕೂತವರು ನನ್ನನ್ನೇ ಕಳ್ಳ ಅಂತಾರೆ.’
ಟೈಲರ್ ಜಬೀನಾ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ:
‘ಧೂಳು ಕಡಿಮೆ ಆಯ್ತು. ಗಿರಾಕೀನೂ.
ಯಾವುದನ್ನ ಮೊದಲು ಹೇಳ್ಲಿ?’

ಭಾನುವಾರ ಗರಡಿಮನೆ ಪಕ್ಕದ ಹಾಲಿನಲ್ಲಿ ಸಭೆ.
ಒಬ್ಬರು ಎದ್ದು, ಸೈಕಲ್ ತುಳಿದೇ
ಮೂರು ಮಕ್ಕಳನ್ನು ಓದಿಸಿದೆ ಎಂದರು, ಚಪ್ಪಾಳೆ.
ಓದಿದ ಮಕ್ಕಳ ಕಾರು ಎಲ್ಲಿ ನಿಲ್ಲಬೇಕು
ಎಂದು ಅವರೇ ಕೇಳಿದರು, ಇನ್ನೂ ದೊಡ್ಡ ಚಪ್ಪಾಳೆ.
ಆಮೇಲೆ ಕುರ್ಚಿ ಸರಿದ ಸದ್ದು,
ಯಾರದೋ ತಂದೆಯ ಹೆಸರು, ಕರೆಂಟು ಹೋದದ್ದು.

ತೆಗೆಯಿರಿ ಎಂದು ಒಂದು ಅರ್ಜಿ,
ಇರಲಿ ಎಂದು ಇನ್ನೊಂದು.
ಎರಡೂ ನನ್ನ ಕೈಗೇ ಬಂದವು:
‘ನೀವು ಹೇಗೂ ಮನೆ ಮನೆಗೆ ಹೋಗ್ತೀರಲ್ಲ.’
ಚೀಲದಲ್ಲಿ ನಡುವೆ ಪಿಗ್ಮಿ ಮಿಷನ್ ಇಟ್ಟೆ,
ಅವು ಜಗಳಾಡದ ಹಾಗೆ.

ಮೂರು ಮನೆಗೆ ಬೀಗ. ಉಳಿದದ್ದು ನಲವತ್ತೆಂಟು.
ತೆಗೆಯಿರಿಗೆ ಇಪ್ಪತ್ತೊಂಬತ್ತು ಸಹಿ, ಇರಲಿಗೆ ಮೂವತ್ತಮೂರು.
ಎರಡು ಸಲ ಕೂಡಿಸಿದೆ. ಅರವತ್ತೆರಡೇ.
ಕೇಳಿದರೆ ಬೇಡ ಅನ್ನಲಾರದ
ಹದಿನಾಲ್ಕು ಮನೆಗಳು ಯಾವುವೆಂದು
ನನ್ನ ಬಾಯಿಂದ ಬರದು.
ಟೀಚರ್ ಪೆನ್ನು ನನ್ನತ್ತ ಚಾಚಿ, ‘ನಿಮ್ಮದು?’ ಅಂದರು.
ಕ್ಯಾಪ್ ತೆಗೆದಿದ್ದೆ.
ಆಚೆಯಿಂದ ದ್ಯಾವಪ್ಪ: ‘ಅವರು ಈ ಬೀದಿಯವರಲ್ಲ ಟೀಚರ್.’
ಹೌದು. ನನ್ನ ಮನೆ ಹೊಳೆಯಾಚೆ.
ಕ್ಯಾಪ್ ಹಾಕಿದೆ.

ಒಂದು ದಿನ ಸಾಗರದ ಮೊದಲ ಬಸ್ಸಿಗೆಂದು
ಐದೂವರೆಗೇ ಆ ದಾರಿಯಲ್ಲಿ ಬಂದೆ.
ಹೋಟೆಲ್ಲಿಗೆ ಹೋಗುವ ಹುಡುಗರು, ಹಾಲಿನ ಕ್ಯಾನು,
ಹ್ಯಾಂಡಲ್ಲಿಗೆ ಬುತ್ತಿ ತೂಗಿಸಿಕೊಂಡ ಗಾರೆಯವರು,
ಸೇವಂತಿಗೆ ಬುಟ್ಟಿಯನ್ನು ಕ್ಯಾರಿಯರಿಗೆ ಕಟ್ಟಿದ ಹೆಂಗಸು.
ಹಾಳು ಅಭ್ಯಾಸ, ಎಣಿಸಿದೆ. ನಲವತ್ತೊಂದು.
ಒಂದು ಮುಖವೂ ಐವತ್ತೊಂದು ಬಾಗಿಲಿನದಲ್ಲ.
ಬಸ್ಸು ತಪ್ಪಿತು.

ಪಾಲಿಕೆಯ ಗುಮಾಸ್ತ ಎರಡಕ್ಕೂ ಒಂದೇ ಠಸ್ಸೆ ಒತ್ತಿ
ಒಂದರ ಮೇಲೊಂದಿಟ್ಟ.
‘ಮಳೆಗಾಲ ಕಳೀಲಿ, ನೋಡುವ.’

ಈಗ ದ್ಯಾವಪ್ಪ ನೂರರ ಬದಲು ಇಪ್ಪತ್ತು ಕೊಡುತ್ತಾರೆ.
ಬರೆದುಕೊಳ್ಳುತ್ತೇನೆ, ಇಪ್ಪತ್ತು.
ಅವರ ಪಿವಿಸಿ ಪೈಪು ಕಾಲುಹಾದಿಯ ಮೇಲೆ ಮಲಗಿರುವುದರಿಂದ
ನಿನ್ನೆ ಹಸಿರಿಗಿಳಿದು ನಡೆಯುತ್ತಿದ್ದೆ,
ಚಿಲ್ಲರೆ ಎಣಿಸುತ್ತ.
ಬೆನ್ನ ಹಿಂದೆ ಗಂಟೆ.
‘ಅಕ್ಕಾ, ಸ್ವಲ್ಪ ಸರೀರಿ, ಇದು ಸೈಕಲ್ ದಾರಿ.’

ಸರಿದೆ.
ಎಷ್ಟನೇ ಬಾಗಿಲಲ್ಲಿದ್ದೆ ಎಂಬುದು ಮರೆತು
ಮತ್ತೆ ಮೊದಲಿನಿಂದ ಎಣಿಸಬೇಕಾಯಿತು.