ನಾಲ್ಕನೆಯ ಗುಟ್ಟು

ನಮ್ಮೂರು ವೂಚ್. ಹೆಸರಿನ ಅರ್ಥ ದೋಣಿ.
ನದಿಗಳನ್ನೆಲ್ಲ ನೆಲದಡಿಯ ಕೊಳವೆಗೆ ತುರುಕಿ
ಮೇಲೆ ಹತ್ತಿ ಗಿರಣಿ ಎಬ್ಬಿಸಿದರು ಹಿಂದಿನವರು.
ಗಿರಣಿ ನಿಂತಿತು. ಅದರ ಮೂರನೆಯ ಮಹಡಿಯಲ್ಲೀಗ
ನಾವು ಐವರು, ಆರು ಪರದೆ, ಕೆಟ್ಟ ಕಾಫಿ ಯಂತ್ರವೊಂದು,
ಕೊಲ್ಲುವ ಆಟ ಕಟ್ಟುತ್ತಿದ್ದೇವೆ.

ಹಳೆಯದೇ ಹೊಸದಾಗಿ ಬೇಕಂತೆ ಜನಕ್ಕೆ.
ಕತೆ ಬೇಡ, ನಾಯಕನ ಬಾಲ್ಯ ಬೇಡ,
ಮರೆಯಲ್ಲಿ ಕುಕ್ಕರಗಾಲಲ್ಲಿ ಕೂತು
ಗಾಯ ತಾನಾಗಿ ಮಾಯಲೆಂದು ಕಾಯುವುದು ಬೇಡ.
ಓಡಬೇಕು. ಮದ್ದು ತುಂಬಲೂ ನಿಲ್ಲದೆ ಓಡಬೇಕು.
ಕೆಂಪು ಬಾಗಿಲಿಗೆ ಕೆಂಪು ಕೀಲಿ, ನೀಲಿಗೆ ನೀಲಿ,
ಔಷಧಿ ಡಬ್ಬಿಯನ್ನು ಸುಮ್ಮನೆ ತುಳಿದರೆ ಸಾಕು
ಮೈಮೇಲಿನ ಹತ್ತು ತೂತು ಮುಚ್ಚಬೇಕು.

ನನ್ನ ಪಾಲಿನ ಕೆಲಸ, ಗೋಡೆ.
ಕಿಟಕಿಯಾಚೆಯ ಕೆಂಪು ಇಟ್ಟಿಗೆಯ ಚಿತ್ರ ಹಿಡಿದು
ಅರವತ್ತನಾಲ್ಕು ಚುಕ್ಕೆ ಉದ್ದ, ಅಷ್ಟೇ ಅಗಲಕ್ಕೆ
ಕುಗ್ಗಿಸುತ್ತೇನೆ. ಬಣ್ಣ ಹದಿನಾರೇ ಉಳಿಯಬೇಕು.
ಪಾಚಿಯ ಎಳೆ ಎಳೆ ತೋರಿಸುವ ತಾಕತ್ತು ಈ ಯಂತ್ರಕ್ಕಿದೆ.
ಬೇಡ ಮಹರಾಯ, ಎಂದು ಅದರ ಕೈ ಕಟ್ಟುವುದಕ್ಕೇ ನನಗೆ ಸಂಬಳ.
ಕೆಡಿಸುವುದಕ್ಕೂ ಕಸುಬು ಬೇಕು:
ಹೆಚ್ಚಾದರೆ ಗೋಡೆ ಅಂಬಲಿ,
ಕಡಿಮೆಯಾದರೆ ವೇಷ.

ಸಂಜೆ ಏಳಕ್ಕೆ ನೆಲ ಒರೆಸಲು ಬರುತ್ತಾರೆ ಪಾನಿ ಗೆನೊವೇಫಾ.
ಇದೇ ಮಹಡಿಯಲ್ಲಿ ಹತ್ತೊಂಬತ್ತು ವರ್ಷ
ಹರಿದ ನೂಲಿಗೆ ಗಂಟು ಹಾಕಿದವರು,
ಬಲಗಿವಿಯನ್ನು ಗಿರಣಿಗೇ ಬಿಟ್ಟುಕೊಟ್ಟವರು.
ನನ್ನ ಪರದೆಯೆದುರು ಒರೆಸುಕೋಲು ನಿಂತಿತು.
"ಈ ಕಂಬಗಳು ನಮ್ಮವಲ್ಲವೇ?"
ಕುರ್ಚಿ ಬಿಟ್ಟುಕೊಟ್ಟೆ. ಮೌಸ್ ಹಿಡಿದರು,
ಜೀವಂತ ಇಲಿಯನ್ನೇ ಹಿಡಿದ ಹಾಗೆ.

ಮೊದಲ ಸಲ ನಾಲ್ಕು ಹೆಜ್ಜೆಗೆ ಸತ್ತರು.
ಎರಡನೆಯ ಸಲ ಕಂಬದ ಬಣ್ಣ ನೋಡುತ್ತ ನಿಂತು ಸತ್ತರು.
ಐದನೆಯ ಸಾವಿನ ಹೊತ್ತಿಗೆ ನಾನೇ
ರಾಕ್ಷಸರನ್ನೆಲ್ಲ ಅಳಿಸಿಹಾಕಿದೆ.
ಖಾಲಿ ಗಿರಣಿಯಲ್ಲಿ ಪಾನಿ ಗೆನೊವೇಫಾ
ಜೋಡಿನಳಿಗೆಯ ಕೋವಿ ಹಿಡಿದು, ಲಾರಿಯ ವೇಗದಲ್ಲಿ
ಇದ್ದಲ್ಲೆಲ್ಲ ಡಿಕ್ಕಿ ಹೊಡೆಯುತ್ತ ಹೋಗಿ
ಉತ್ತರದ ಗೋಡೆಗೆ ಮೂಗು ತಾಗಿಸಿ ನಿಂತರು.
"ಇಲ್ಲೊಂದು ಬಾಗಿಲಿತ್ತು."

ನಕ್ಷೆಯಲ್ಲಿ ಇಲ್ಲ, ಎಂದೆ.
"ನಕ್ಷೆ ಮೇಸ್ತ್ರಿಗಳದ್ದು.
ಹತ್ತಿ ಮೂಟೆ ಸರಿಸಿದರೆ ಮೂವರು ಹಿಡಿಸುವಷ್ಟು ಜಾಗ.
ಸಿಗರೇಟು ಸೇದುವವರಿಗೆ ಸಿಗರೇಟು,
ಬಸುರಿಯರಿಗೆ ಹತ್ತು ನಿಮಿಷ ಕಾಲು ಚಾಚಲು ಸ್ಟೂಲು,
ಒಂದು ರೇಡಿಯೊ. ದನುತಾ ಒಂದು ದಿನ
ಪಾಳಿ ಮುಗಿಯುವವರೆಗೂ ಅಲ್ಲೇ ಕೂತು ಅತ್ತಳು.
ಅವಳ ಯಂತ್ರ ನಾವು ನಡೆಸಿದೆವು."
ಯಾಕೆ ಅತ್ತಳೆಂದು ನಾನು ಕೇಳಲಿಲ್ಲ. ಅವರೂ ಕೇಳಿದ್ದರೋ ಇಲ್ಲವೋ.

ಆ ರಾತ್ರಿ ಮನೆಗೆ ಹೋಗಲಿಲ್ಲ.
ಎಂಟು ವರ್ಷದವಳಿದ್ದಾಗ, ಅಣ್ಣನ ಹಳೇ ಕಂಪ್ಯೂಟರಿನಲ್ಲಿ
ಸಿಕ್ಕಸಿಕ್ಕ ಗೋಡೆಗೆಲ್ಲ ಮೈ ಒತ್ತಿ ಕೀಲಿ ಕುಟ್ಟುತ್ತಿದ್ದೆ.
ಗೋಡೆಗೊಂದು ನರಳಿಕೆ, ಹ್ಞುಂ, ಹ್ಞುಂ;
ನೂರರಲ್ಲೊಂದು ಗೋಡೆ ಗರಗರ ಸರಿಯುತ್ತಿತ್ತು.
ಆ ಒಂದಕ್ಕಾಗಿ ನಾವು
ಶಾಲೆಯ ಗೋಡೆಗಳನ್ನೂ ತಡವಿ ನೋಡಿದ್ದೆವು.

ಇಟ್ಟಿಗೆಯೊಂದನ್ನು ಒಂದೇ ಚುಕ್ಕೆಯಷ್ಟು ಪಕ್ಕಕ್ಕೆ ಸರಿಸಿದೆ.
ಹಿಂದೆ ಪುಟ್ಟ ಕೋಣೆ. ಕವಚ ಇಡಲಿಲ್ಲ, ರಾಕೆಟ್ ಇಡಲಿಲ್ಲ.
ಸ್ಟೂಲು, ಬೂದಿಬಟ್ಟಲು, ಗೊರಗುಡುವ ರೇಡಿಯೊ.
ಆ ಹೊಸಿಲು ದಾಟಲು ರಾಕ್ಷಸರಿಗೆ ಕಲಿಸಲಿಲ್ಲ.

ಆಟ ಹೊರಬಂತು. ಹುಡುಗರು ಬೈದರು:
ಗೋಡೆ ತಡವಿ ತಡವಿ ಬೆರಳು ಸವೆಯಿತು,
ಒಳಗೆ ನೋಡಿದರೆ ಸ್ಟೂಲು!
ಬೈಯುವಷ್ಟು ದೂರವೂ ಬಾರದವರ ಲೆಕ್ಕ
ಹಂತದ ಕೊನೆಗೆ ಹೀಗೆ ಮೂಡುತ್ತದೆ:
ಕೊಂದದ್ದು, ನೂರಕ್ಕೆ ನೂರು.
ಗುಟ್ಟು, ನಾಲ್ಕರಲ್ಲಿ ಮೂರು.

ಪಾನಿ ಗೆನೊವೇಫಾರನ್ನು ಕರೆದು ತೋರಿಸಿದೆ.
ಕನ್ನಡಕ ಒರೆಸಿಕೊಂಡು ಬಹಳ ಹೊತ್ತು ನೋಡಿದರು.
"ರೇಡಿಯೊ ಎಡಕ್ಕಿತ್ತು, ಕಿಂಗಾ,"
ಎಂದು ಬಕೆಟ್ ಎತ್ತಿಕೊಂಡು
ಮೆಟ್ಟಿಲ ಕಡೆ ಹೋದರು.