ಹಿಟ್ಟಿನ ಕೈ

ಬಾ ತೋರ್ನಿಕೆ, ಬಾಗಿಲಲ್ಲೇ ನಿಲ್ಲಬೇಡ,
ಚಳಿ ಒಳಗೆ ಬಂದರೆ ಹಿಟ್ಟು ಉಬ್ಬುವುದಿಲ್ಲ.
ಮೂರು ದಿನ ಇಟ್ಟು ನೋಡು, ಹಿಡಿಸದಿದ್ದರೆ ವಾಪಸು ಎಂದಿದ್ದೆ.
ಇವತ್ತಿಗೆ ಮೂರು.

ದಾಳಿಂಬೆಯಷ್ಟು ಗಾತ್ರ. ಮೂರ್ತಿ ಚಿಕ್ಕದು,
ಕೀರ್ತಿಯನ್ನೆಲ್ಲ ಪೆಟ್ಟಿಗೆಯ ಮೇಲೇ ಅಚ್ಚು ಹಾಕಿದ್ದಾರೆ.
ನೀರು ಬಿದ್ದರೂ ಕೆಡದಂತೆ. ಕುತಾಯಿಸಿಯ ಈ ಓಣಿಯಲ್ಲಿ
ನನ್ನ ಮೇಲೆ ಬೀಳುವುದು ಹಿಟ್ಟು;
ಅದರ ಬಗ್ಗೆ ಒಂದಕ್ಷರವಿಲ್ಲ.
ಮೊದಲ ದಿನವೇ ಜಾಲರಿ ನನ್ನ ಹುಬ್ಬಿನ ಹಾಗೆ ಬೆಳ್ಳಗಾಯಿತು.
ಬಾಯಿಂದ ಊದಿದೆ. ಕೆಮ್ಮಿದ್ದು ನಾನು, ಅದಲ್ಲ.
ಇದಕ್ಕೊಂದು ಅಂಕ ಬರೆದುಕೊ.

ಗುಂಡಿ ಒತ್ತಿದೊಡನೆ ಒಬ್ಬಳು ನನಗೆ ತಿಳಿಯದ ಭಾಷೆಯಲ್ಲಿ
ಏನೋ ಹೇಳುತ್ತಾಳೆ, ಅದೇ ಎರಡು ಮಾತು, ಬೆಳಗಿನ ನಾಲ್ಕಕ್ಕೆ.
ನಿನಗೂ ಒಳ್ಳೆಯದಾಗಲಿ ತಾಯಿ, ಎನ್ನುತ್ತೇನೆ.
ಆ ಹೊತ್ತಿನಲ್ಲಿ ಮಾತಾಡುವವರು ಬೇರೆ ಯಾರಿದ್ದಾರೆ.

ಹತ್ತು ಗಂಟೆ ಬಾಳುತ್ತದೆ ಎಂದು ಬರೆದಿದೆ. ನನ್ನ ಲೆಕ್ಕ ಗಂಟೆಯದಲ್ಲ.
ನಾಲ್ಕು ಒಬ್ಬೆ ರೊಟ್ಟಿ ಬೇಯುವವರೆಗೆ ಹಾಡಿತು,
ಐದನೆಯದರ ನಡುವೆ, ಇನ್ನೊಂದೇ ಸಾಲು ಉಳಿದಿರುವಾಗ, ಸತ್ತಿತು.
ಆ ಸಾಲನ್ನು ನಾನೇ ಹಾಡಿಕೊಂಡೆ.

ಹಾಡಿನ ಮಾತಿಗೆ ಬಂದೆವಲ್ಲ, ಕೂತುಕೋ.
ನಮ್ಮದು ಮೂರು ದನಿಯ ಹಾಡು, ನಿನಗೆ ಹೇಳಬೇಕೆ.
ಮೇಲಿನ ದನಿ ಬಂತು, ಸೂಜಿಯ ಹಾಗೆ.
ನಡುವಿನದು ಬಂತು, ಪದ ಪದವೂ ಬಿಡಿಸಿ.
ಕೆಳಗಿನದು?
ನಮ್ಮಪ್ಪ ವಾಲಿಕೋ ನಲವತ್ತು ವರ್ಷ, ಮದುವೆಯಲ್ಲೂ ಮಸಣದಲ್ಲೂ,
ಆ ಕೆಳಗಿನ ದನಿಯನ್ನೇ ಹಿಡಿದು ನಿಂತವನು.
ಯಾರೂ ಅವನ ಕಡೆ ನೋಡುತ್ತಿರಲಿಲ್ಲ;
ಉಸಿರಿಗೆಂದು ಅವನು ಬಿಟ್ಟರೆ ಮಾತ್ರ ಎಲ್ಲರೂ ತಿರುಗುತ್ತಿದ್ದರು.
ನಿನ್ನ ದಾಳಿಂಬೆಯಲ್ಲಿ ಅವನಿಗೆ ಜಾಗವಿಲ್ಲ.
ವಾಪಸು ಕೊಡುವುದೇ ಸರಿ ಎಂದುಕೊಂಡು
ಎತ್ತಿ, ಹಿಟ್ಟು ನಾದುವ ಮರದ ದೋಣಿಯ ಅಂಚಿಗಿಟ್ಟೆ.
ಬರಿದಾಗಿತ್ತು ದೋಣಿ.
ತೋರ್ನಿಕೆ, ಮರ ಗುನುಗಿತು.
ಅಂಗಾಲಿಗೆ ತಾಗಿತು ಆ ದನಿ.
ಆದ್ದರಿಂದ ಬರೆದುಕೊ: ಸಂಗೀತಕ್ಕೆ ಒಳ್ಳೆಯದು,
ಕೆಳಗೆ ಅಜ್ಜಿಯ ಕಾಲದ ಅಕ್ರೋಟಿನ ಹಲಗೆ ಇದ್ದರೆ.

ಇನ್ನು ಫೋನು.
ನಾನು ಕೇಳಿದ್ದೇ ಅದಕ್ಕೆ. ಎರಡು ಕೈಯೂ ಹಿಟ್ಟಿನಲ್ಲಿ,
ಥೆಸಲೊನೀಕಿಯಿಂದ ನಾರ್ಗಿಜಾ ಕರೆಯುವುದು ಅದೇ ಹೊತ್ತಿಗೆ,
ಅವಳು ನೋಡಿಕೊಳ್ಳುವ ಗ್ರೀಕ್ ಮುದುಕಿ ಏಳುವ ಮುಂಚೆ.
ಮೊಣಕೈಯಿಂದ ಒತ್ತಿದೆ. ಮಾತು ತಿಳಿಯಾಗಿ ಬಂತು,
ತಂಗಿ ಪಕ್ಕದಲ್ಲೇ ಕೂತ ಹಾಗೆ.
ಸ್ವಲ್ಪ ಹೊತ್ತಿನ ಮೇಲೆ ಅವಳೇ ಕೇಳಿದಳು:
'ಅಂಗಡಿ ಮುಚ್ಚಿದೆಯಾ? ನನಗೆ ಹೇಳಲೇ ಇಲ್ಲ.'
ಮುಚ್ಚುವುದೆಲ್ಲಿ! ಬೆಂಕಿ ಚಟಪಟ ಅನ್ನುತ್ತಿದೆ,
ಒಲೆಯೊಳಗೆ ಸೊಂಟದವರೆಗೆ ಬಗ್ಗಿ ನಾನು
ಮಣ್ಣಿನ ಗೋಡೆಗೆ ಪಟಾರನೆ ರೊಟ್ಟಿ ಬಡಿಯುತ್ತಿದ್ದೇನೆ.
ಅವಳಿಗೆ ಹೋದದ್ದು ನನ್ನ ಗಂಟಲು ಮಾತ್ರ,
ತೊಳೆದು ಒರೆಸಿಟ್ಟ ಲೋಟದ ಹಾಗೆ.
ಸುತ್ತಲಿನ ಗದ್ದಲವನ್ನು ತೆಗೆದುಹಾಕುತ್ತದೆ, ಎಂದಿದ್ದೆಯಲ್ಲ ಹೆಮ್ಮೆಯಿಂದ.
ತೆಗೆದುಹಾಕಿತು. ಒಲೆಯನ್ನೇ ತೆಗೆದುಹಾಕಿತು.

ನಿನ್ನೆ ಅದನ್ನು ಆರಿಸಿ, ಬಿರುಕು ಬಿಟ್ಟ ಹಳೇ ಫೋನನ್ನು
ಒಲೆಯ ಬಾಯಿಯ ಹತ್ತಿರ ಒರಗಿಸಿದೆ.
ಅವಳು ಮಾತಾಡಲಿಲ್ಲ.
ಒಂದು, ಎರಡು, ನಾನು ಬಡಿಯುತ್ತಾ ಹೋದೆ.
'ಏಳನೆಯದು ಕೆಂಡಕ್ಕೆ ಬಿತ್ತು,' ಎಂದಳು ಅಲ್ಲಿಂದ,
'ಹಿಟ್ಟಿಗೆ ನೀರು ಹೆಚ್ಚಾಗಿದೆ ಕಣೇ.'
ಬಿದ್ದಿತ್ತು. ಹೆಚ್ಚಾಗಿತ್ತು.

ತಗೋ ದುಡ್ಡು. ನೋಟಿಗೆ ಹಿಟ್ಟು ಅಂಟಿದೆ, ಬಿಡಿಸಿ ಎಣಿಸಿಕೊ.
ಹಾಡಿಗೆ ಇರಲಿ ಇದು, ದೋಣಿಯ ಅಂಚಿನಲ್ಲಿ.
ಆದರೆ ಕೇಳಿ ನೋಡು ನಿನ್ನ ದೊಡ್ಡ ಅಂಗಡಿಯವರನ್ನು,
ಯಾವುದು ಗದ್ದಲ ಅಂತ ಇದಕ್ಕೆ ಹೇಳಿಕೊಟ್ಟವರು ಯಾರು,
ಅವರ ಮನೆಯಲ್ಲಿ ರೊಟ್ಟಿ ಯಾರು ಬೇಯಿಸುತ್ತಾರೆ.
ಹೋಗುವಾಗ ಒಂದು ಬಿಸಿಯದು ಎತ್ತಿಕೊಂಡು ಹೋಗು.
ಆ ಸುಟ್ಟದ್ದು ಬೇಡ, ಅದು ನನ್ನದು.